ಗೊಂಬೆಗಳ ಅರಮನೆಗೆ ಹೋದ ಪ್ರೋಗ್ರಾಮು

ಎರಡು ವಸ್ತುಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೋ ಎಂದರೆ ನನಗೆ ಮೊದಲು ಆಗುವುದು ಬಾಯಾರಿಕೆ. ನೀರು ಕುಡಿದು ಬರುತ್ತೇನೆಂದು ಎದ್ದು ಹೋಗುತ್ತೇನೆ. ವಾಪಸು ಬರುವಷ್ಟರಲ್ಲಿ ಯಾರಾದರೂ ಆರಿಸಿ ಮುಗಿಸಿರಲಿ ಎಂಬುದು ಒಳಗಿನ ಆಸೆ. ಸೀರೆ ಅಂಗಡಿಗೆ ಹೋದಾಗಲೆಲ್ಲ ಹೀಗೆ ನೀರು ಕುಡಿದು ಬಂದ ಫಲವಾಗಿ ನನ್ನ ಬೀರುವಿನಲ್ಲಿರುವುದೆಲ್ಲ ನಮ್ಮ ಅತ್ತೆಯವರಿಗೆ ಒಪ್ಪುವ ಬಣ್ಣಗಳು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯನ್ನು ಆರಿಸಿದ್ದು ನಮ್ಮ ಯಜಮಾನರು. ಯಜಮಾನರನ್ನು ಆರಿಸಿದ್ದು ನಮ್ಮ ತಂದೆ. ಎರಡೂ ಚೆನ್ನಾಗಿಯೇ ಇವೆ. ಮಳೆಗಾಲದಲ್ಲಿ ಮನೆ ಸ್ವಲ್ಪ ಸೋರುತ್ತದೆ, ಅಷ್ಟೇ.

ಇಂಥವಳನ್ನು ಹಿಡಿದು ಕೂರಿಸಿ, "ನಮ್ಮ ಕಾರ್ಖಾನೆ ಇನ್ನು ಮುಂದೆ ಹಳೇ ಭಾಷೇಲಿ ಲೆಕ್ಕ ಮಾಡಬೇಕೋ ಹೊಸ ಭಾಷೇಲಿ ಮಾಡಬೇಕೋ, ನೀವೇ ಯೋಚನೆ ಮಾಡಿ ಬರೆದುಕೊಡಿ" ಎಂದುಬಿಟ್ಟರು ನಮ್ಮ ಮ್ಯಾನೇಜರು. ನಾನು ಆ ದಿನ ಕುಡಿದ ನೀರಿಗೆ ಲೆಕ್ಕವಿಲ್ಲ.

ಭಾಷೆ ಎಂದರೆ ಕನ್ನಡವೋ ಇಂಗ್ಲಿಷೋ ಎಂದು ನೀವು ಕೇಳಬಹುದು. ಎರಡೂ ಅಲ್ಲ. ಕಂಪ್ಯೂಟರಿಗೆ ಅರ್ಥವಾಗುವ ಭಾಷೆ. ರಾಜಾಜಿನಗರದಲ್ಲಿ ನೀರೆತ್ತುವ ಪಂಪು ತಯಾರಿಸುವ ನಮ್ಮ ಕಾರ್ಖಾನೆಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ, ಈಗಲೂ ಇಲ್ಲ. ಕಂಟೋನ್ಮೆಂಟಿನ ಕಡೆ ಒಂದು ದೊಡ್ಡ ಕಂಪನಿಯವರ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತೇವೆ. ನಮ್ಮಲ್ಲಿರುವುದು ಕಾರ್ಡಿನಲ್ಲಿ ತೂತು ಕೊರೆಯುವ ಯಂತ್ರಗಳು, ಅವುಗಳ ಮುಂದೆ ಕೂತ ಹುಡುಗಿಯರು, ಮತ್ತು ಪ್ರೋಗ್ರಾಮು ಬರೆಯುವ ಇಬ್ಬರು. ಆ ಇಬ್ಬರಲ್ಲಿ ಮೊದಲನೆಯವರು ಪಂಚಾಕ್ಷರಯ್ಯನವರು. ಎರಡನೆಯವಳು ನಾನು. ಗಣಿತದಲ್ಲಿ ಬಿ.ಎಸ್ಸಿ. ಮಾಡಿ ತೂತು ಕೊರೆಯುವ ಕೆಲಸಕ್ಕೆ ಸೇರಿದ್ದವಳನ್ನು, "ಈ ಹುಡುಗಿ ಕೈಗಿಂತ ತಲೆ ಚುರುಕು" ಎಂದು ಹೇಳಿ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಟ್ಟವರು ಅವರೇ. ಕೈ ನಿಧಾನ ಎಂಬ ದೂರನ್ನು ಇಷ್ಟು ಮರ್ಯಾದೆಯಾಗಿ ಹೇಳಬಹುದೆಂದು ನನಗೆ ಅವತ್ತೇ ತಿಳಿದದ್ದು.

ಪಂಚಾಕ್ಷರಯ್ಯನವರು ಚಿತ್ರದುರ್ಗದ ಕಡೆಯವರು. ಹಣೆಯ ಮೇಲೆ ವಿಭೂತಿ, ಕಂಪ್ಯೂಟರ್ ಕೋಣೆಯ ತಣ್ಣನೆ ಗಾಳಿಗೆಂದು ಬೇಸಿಗೆಯಲ್ಲೂ ಕೊರಳಲ್ಲಿ ಮಫ್ಲರು, ಕಂಕುಳಲ್ಲಿ ಒಂದು ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪ್ರೋಗ್ರಾಮು. ಪ್ರೋಗ್ರಾಮೆಂದರೆ ಗಟ್ಟಿ ಕಾಗದದ ಉದ್ದುದ್ದ ಕಾರ್ಡುಗಳ ಒಂದು ಕಟ್ಟು. ಒಂದು ಕಾರ್ಡಿಗೆ ಒಂದು ಸಾಲು. ಕಟ್ಟೇನಾದರೂ ಕೈತಪ್ಪಿ ಬಸ್ಸಿನಲ್ಲಿ ಚೆಲ್ಲಿಹೋದರೆ ಸಾಲುಗಳು ಹಿಂದುಮುಂದಾಗಿ, ಯಂತ್ರಕ್ಕೂ ನಮಗೂ ತಲೆ ಕೆಡುತ್ತದೆ. ಅದಕ್ಕೆ ಅವರು ಕಟ್ಟಿನ ನೆತ್ತಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಕೆಂಪು ಶಾಯಿಯಲ್ಲೊಂದು ಗೆರೆ ಎಳೆದಿಡುತ್ತಿದ್ದರು. ಚೆಲ್ಲಿದರೂ ಗೆರೆ ಕೂಡುವ ಹಾಗೆ ಜೋಡಿಸಿದರೆ ಸಾಲು ಸರಿಹೋಗುತ್ತದೆ. ಶಾಯಿ ಕೊಂಚ ಕೆಳಗಿಳಿದು ಪ್ರತಿ ಕಾರ್ಡಿನ ಅಂಚಿನಲ್ಲೂ ಒಂದು ಕೆಂಪು ಬೊಟ್ಟು ಮೂಡಿರುತ್ತಿತ್ತು. ಈ ಬೊಟ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಭಾಷೆಗೆ ಅಸೆಂಬ್ಲಿ ಎಂದು ಹೆಸರು. ಅದರಲ್ಲಿ ಯಂತ್ರಕ್ಕೆ ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕು. ಮೊದಲ ಸಲ ಅಡುಗೆಮನೆಗೆ ಬಂದ ಗಂಡಸಿಗೆ ಉಪ್ಪಿನ ಡಬ್ಬಿ ಎಲ್ಲಿದೆ, ಮುಚ್ಚಳ ಯಾವ ಕಡೆ ತಿರುಗಿಸಬೇಕು, ಚಮಚ ಎಲ್ಲಿದೆ ಎಂದು ಹೇಳಿದ ಹಾಗೆ. ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿಡಬೇಕು, ಆ ಹೆಸರು ಆರು ಇಂಗ್ಲಿಷ್ ಅಕ್ಷರ ಮೀರಬಾರದು. ಬೇರೆಯವರು ಎ ಒಂದು, ಎ ಎರಡು ಎಂದು ಇಟ್ಟು ಮುಗಿಸುತ್ತಿದ್ದರು. ಪಂಚಾಕ್ಷರಯ್ಯನವರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡದ ಹೆಸರಿಡುತ್ತಿದ್ದರು. ಕಾರ್ಡು ಓದುವ ಭಾಗಕ್ಕೆ 'ಬಾ'. ಲೆಕ್ಕ ಕೂಡುವ ಭಾಗಕ್ಕೆ 'ಕೂಡು'. ತಪ್ಪು ಸಿಕ್ಕಿದರೆ ಹೋಗುವ ಜಾಗಕ್ಕೆ 'ಅಯ್ಯೋ'. ಕಂಟೋನ್ಮೆಂಟಿನ ಆಪರೇಟರುಗಳು ನಗುತ್ತಿದ್ದರು. "ನಗ್ಲಿ ಬಿಡಮ್ಮಾ. ಯಂತ್ರಕ್ಕೆ ಯಾವ ಹೆಸರಾದ್ರೂ ಒಂದೇ. ಓದೋನು ನಾನು ತಾನೇ?" ಎಂದು ಅವರೂ ನಗುತ್ತಿದ್ದರು.

ಇಂಥ ಸಮಯದಲ್ಲಿ ಕಂಟೋನ್ಮೆಂಟಿನವರು ಹಳೆಯ ಯಂತ್ರ ತೆಗೆದು ಹೊಸದನ್ನು ತಂದರು. ಹೊಸ ಯಂತ್ರಕ್ಕೆ ಕೋಬಾಲ್ ಎಂಬ ಹೊಸ ಭಾಷೆ ಬರುತ್ತಿತ್ತು. ಹಳೆಯ ಪ್ರೋಗ್ರಾಮುಗಳನ್ನೂ ಹೇಗೋ ಸಂಭಾಳಿಸಿಕೊಂಡು ಓಡಿಸುತ್ತಿತ್ತು, ಆದರೆ ನಿಧಾನವಾಗಿ, ಮನಸ್ಸಿಲ್ಲದೆ. ಹಳೆಯದನ್ನೇ ಎಳೆದುಕೊಂಡು ಹೋಗುವುದೋ, ಎಲ್ಲವನ್ನೂ ಕೋಬಾಲಿನಲ್ಲಿ ಹೊಸದಾಗಿ ಬರೆಯುವುದೋ? ಇದೇ ಆ ಪ್ರಶ್ನೆ. ಮ್ಯಾನೇಜರು ನನ್ನನ್ನು ಹದಿನೈದು ದಿನ ಕೋಬಾಲ್ ತರಬೇತಿಗೆ ಕಳಿಸಿದರು. ಉಗ್ರಾಣದ ತಿಂಗಳ ದಾಸ್ತಾನು ತೆಗೆಯುವ ಪಂಚಾಕ್ಷರಯ್ಯನವರ ಪ್ರೋಗ್ರಾಮನ್ನೇ ಕೋಬಾಲಿನಲ್ಲಿ ಬರೆಯಲು ಹೇಳಿದರು. ಒಂದು ಶನಿವಾರ ಎರಡನ್ನೂ ಹೊಸ ಯಂತ್ರದ ಮೇಲೆ ಓಡಿಸಿ ನೋಡಿ, ಯಾವುದು ಮೇಲೆಂದು ನಾನು ಬರೆದುಕೊಡಬೇಕು.

ಇಷ್ಟೇ ಆಗಿದ್ದರೆ ನೀರು ಕುಡಿದು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಆದರೆ ಮ್ಯಾನೇಜರು ಇನ್ನೊಂದು ಮಾತು ಸೇರಿಸಿದರು. "ಕೋಬಾಲ್ ಬಂದ್ರೆ ಪಂಚಾಕ್ಷರಯ್ಯನವರನ್ನ ಕೆಂಗೇರಿ ಗೋಡೌನಿಗೆ ಹಾಕೋಣ. ಈ ವಯಸ್ಸಲ್ಲಿ ಹೊಸದು ಕಲೀರಿ ಅಂತ ಅವರಿಗೆ ಹಿಂಸೆ ಯಾಕೆ, ಪಾಪ." ಅವರು ಕೆಟ್ಟವರಲ್ಲ. ನಿಜವಾಗಿ ಕರುಣೆಯಿಂದಲೇ ಅಂದದ್ದು. ಪಕ್ಕದ ಮೇಜಿನಲ್ಲಿದ್ದ ಪಂಚಾಕ್ಷರಯ್ಯನವರಿಗೆ ಕೇಳಿಸಿತು. ಅವರು ತಲೆಯೆತ್ತಲಿಲ್ಲ. ಸಂಜೆ ಹೊರಡುವಾಗ ಮಾತ್ರ ಏನೋ ಮಾರ್ಕೆಟ್ಟಿನ ವಿಷಯ ಕೇಳುವವರಂತೆ, "ವಿಜಯಮ್ಮಾ, ನಮ್ಮ ಬಸವೇಶ್ವರನಗರದಿಂದ ಕೆಂಗೇರಿಗೆ ಯಾವ ಬಸ್ಸು?" ಎಂದರು. ಗೊತ್ತಿಲ್ಲ ಸಾರ್ ಎಂದೆ. ಗೊತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಕೋಬಾಲ್ ಇಷ್ಟವಾಗಿತ್ತು. ಪೂಜೆಗೆ ಕೂತ ಪುರೋಹಿತರು ಶುರುವಿಗೆ ಸಂಕಲ್ಪ ಹೇಳುತ್ತಾರಲ್ಲ, ಯಾವ ದೇಶ, ಯಾವ ನದಿಯ ದಡ, ಯಾರ ಹೆಸರು, ಯಾವ ಗೋತ್ರ ಎಂದು, ಹಾಗೇ ಈ ಭಾಷೆಯದೂ ಮೊದಲೊಂದು ಪೀಠಿಕೆ. ಪ್ರೋಗ್ರಾಮಿನ ಹೆಸರು, ಬರೆದವರ ಹೆಸರು, ಯಾವ ಯಂತ್ರದ ಮೇಲೆ ಓಡಬೇಕು, ಏನೇನು ಸಾಮಗ್ರಿ ಬೇಕು, ಎಲ್ಲ ಹೇಳಿ ಮುಗಿಸಿದ ಮೇಲೆಯೇ ಕೆಲಸ. ಇದನ್ನು ಅತ್ತೆಯವರಿಗೆ ವಿವರಿಸಿದಾಗ ಅವರು ಕೋಬಾಲನ್ನು ಆ ಕ್ಷಣವೇ ಒಪ್ಪಿಕೊಂಡರು. "ಪದ್ಧತಿ ಗೊತ್ತಿರೋರು ಮಾಡಿದಾರೆ ಬಿಡು" ಎಂದರು. ಪಂಚಾಕ್ಷರಯ್ಯನವರು ಒಪ್ಪಲಿಲ್ಲ. ನನ್ನ ಕಾಗದಗಳನ್ನು ತಿರುವಿ ಹಾಕಿ, ಉದ್ದುದ್ದದ ಇಂಗ್ಲಿಷ್ ವಾಕ್ಯಗಳನ್ನು ನೋಡಿ, "ಇದು ಪ್ರೋಗ್ರಾಮೋ ರಜಾ ಅರ್ಜಿಯೋ?" ಎಂದು ಕೇಳಿ ಮಡಚಿಟ್ಟರು. ಮುಂದೆ ಓದಲಿಲ್ಲ.

ಅತ್ತೆಯವರ ವಿಷಯ ಬಂತಲ್ಲ, ಅವರ ಗೊಂಬೆ ಹಬ್ಬದ ವಿಷಯವನ್ನೂ ಹೇಳಬೇಕು. ವರ್ಷವೆಲ್ಲ ಅವರು ನಮ್ಮ ಅತ್ತೆ. ನವರಾತ್ರಿಯಲ್ಲಿ ಮಾತ್ರ ಇಡೀ ಬೀದಿಗೆ ಅರಮನೆಯ ಶಿಲ್ಪಿ. ಮದುವೆಯಲ್ಲಿ ಅವರ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಪ್ರತಿವರ್ಷ ಹೊಸ ಮನೆ ಕೇಳುತ್ತವೆ ಎಂದು ಅವರ ನಂಬಿಕೆ. ಒಂದು ವರ್ಷ ಬೆಂಕಿಪೆಟ್ಟಿಗೆಯ ಅರಮನೆ, ಒಂದು ವರ್ಷ ಬಟಾಣಿ ಡಬ್ಬಿಯ ಕೋಟೆ. ನಾನು ಕೆಲಸಕ್ಕೆ ಸೇರಿದ ಮೇಲೆ ಕಾರ್ಡುಗಳು. ಕೆಲಸ ಮುಗಿದ ಕಾರ್ಡು ಮನೆಗೆ ತರುವುದು ನಮ್ಮ ವಿಭಾಗದ ಎಲ್ಲರ ವಾಡಿಕೆ. ಹಾಲಿನ ಚೀಟಿ, ಮಕ್ಕಳ ಮಗ್ಗಿ, ಬಾಗಿಲ ತೋರಣ ಎಲ್ಲವೂ ಅದರಲ್ಲೇ. ರಾಜಾಜಿನಗರದಲ್ಲಿ ಯಾವ ಮನೆಯಲ್ಲಿ ಕಾರ್ಡಿನ ತೋರಣ ಕಂಡರೂ ಆ ಮನೆಯವರೊಬ್ಬರು ನಮ್ಮ ಹಾಗೆ ಯಂತ್ರಕ್ಕೆ ಊಳಿಗ ಮಾಡುವವರೆಂದು ಧಾರಾಳವಾಗಿ ಹೇಳಬಹುದು.

ಆ ವರ್ಷ ಹಬ್ಬದ ಹಿಂದಿನ ಸಂಜೆ ನಾನು ಎರಡು ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದೆ. ಒಂದರಲ್ಲಿ ಅತ್ತೆಯವರಿಗೆಂದು ರದ್ದಿ ಕಾರ್ಡು. ಇನ್ನೊಂದರಲ್ಲಿ ಪಂಚಾಕ್ಷರಯ್ಯನವರ ದಾಸ್ತಾನು ಪ್ರೋಗ್ರಾಮು. ನಾನು ಬರೆದದ್ದನ್ನು ಅದರ ಜೊತೆ ಇಟ್ಟು ಕೊನೆಯ ಸಲ ತಾಳೆ ನೋಡುತ್ತೇನೆಂದು ಕೇಳಿದ್ದಕ್ಕೆ ಅವರೇ ಕೊಟ್ಟದ್ದು. ಎರಡನ್ನೂ ಮಂಚದ ಮೇಲಿಟ್ಟೆ. ಮಾರನೆಯ ಬೆಳಗ್ಗೆ ರದ್ದಿ ನಿಮಗೆ ಎಂದು ಅಡುಗೆಮನೆಯ ಕಡೆ ಕೂಗಿ ಹೇಳಿ ಬಸ್ಸಿಗೆ ಓಡಿದೆ.

ಸಂಜೆ ಬಂದು ನೋಡಿದರೆ ಅರಮನೆ ಎದ್ದಿದೆ. ಹಂತಗಳ ಮೇಲೆ ಗೊಂಬೆಗಳು, ಕೆಳಗೆ ರಾಗಿ ಪೈರಿನ ಪಾರ್ಕು, ನಡುವೆ ಸುತ್ತು ಗೋಡೆ, ಮಹಾದ್ವಾರ, ಆನೆಲಾಯ, ಹಿಂದೊಂದು ಹಿತ್ತಿಲ ಬಾಗಿಲು, ಒಳಗೆ ಮಹಡಿ, ಮಹಡಿಯ ಮೇಲೆ ರಾಜ ರಾಣಿ. ಕಾರ್ಡುಗಳನ್ನು ಮಡಚಿ, ಮೈದಾ ಅಂಟು ಹಾಕಿ ಕೂಡಿಸಿದ್ದರು. ಗೋಡೆಯುದ್ದಕ್ಕೂ ಕೆಂಪು ಬೊಟ್ಟುಗಳು. ನಾನು ಮಂಚದ ಕಡೆ ತಿರುಗಿದೆ. ರದ್ದಿ ಪೆಟ್ಟಿಗೆ ತುಂಬಿದಂತೆಯೇ ಕೂತಿತ್ತು.

"ಅದ್ರಲ್ಲಿರೋವೆಲ್ಲ ಮುದುರಿಹೋಗಿದಾವೆ ಕಣೇ. ಇದ್ರಲ್ಲಿ ನೋಡು, ಯಾರೋ ಪುಣ್ಯಾತ್ಮರು ಒಂದೊಂದಕ್ಕೂ ಕುಂಕುಮ ಇಟ್ಟು ಕಳಿಸಿದಾರೆ! ದೇವರ ಕೆಲಸಕ್ಕೆ ಅಂತ ಅವರಿಗೂ ಗೊತ್ತಿತ್ತು ಅನ್ಸತ್ತೆ" ಎಂದರು ಅತ್ತೆ. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆ ಪ್ರೋಗ್ರಾಮಿನ ನಕಲು ಕಟ್ಟೊಂದು ಆಫೀಸಿನಲ್ಲಿತ್ತು, ಆದರೆ ಅದು ವರ್ಷಗಳ ಹಿಂದಿನದು. ಆಮೇಲೆ ಮಾಡಿದ ತಿದ್ದುಪಡಿಗಳೆಲ್ಲ ಇದ್ದದ್ದು ಈ ಕಟ್ಟಿನಲ್ಲಿ. ಶನಿವಾರದ ಪರೀಕ್ಷೆಗೆ ಇದಿಲ್ಲದಿದ್ದರೆ ಪಂಚಾಕ್ಷರಯ್ಯನವರ ಕಡೆಯಿಂದ ಯಾರೂ ಕಣಕ್ಕಿಳಿಯುವುದೇ ಇಲ್ಲ. ನಾನು ಗೆದ್ದಂತೆ. ಅವರು ಕೆಂಗೇರಿಗೆ.

ನಾನಿನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಬಾಗಿಲಲ್ಲಿ "ವಿಜಯಮ್ಮಾ" ಎಂಬ ದನಿ. ಪಂಚಾಕ್ಷರಯ್ಯನವರ ಹೆಂಡತಿ ಗಿರಿಜಮ್ಮನವರು ಗೊಂಬೆ ನೋಡಲು ಬಂದಿದ್ದರು. ಸಾಮಾನ್ಯವಾಗಿ ಹೆಂಡತಿಯನ್ನು ಬಿಟ್ಟು ಜಗುಲಿಯಲ್ಲೇ ಪೇಪರ್ ಓದುತ್ತ ಕೂರುವ ಪಂಚಾಕ್ಷರಯ್ಯನವರು, ಅವತ್ತೇ, ಯಾವ ಗಳಿಗೆಯೋ, ಚಪ್ಪಲಿ ಬಿಟ್ಟು ಒಳಗೆ ಬಂದರು.

ಅವರಿಗೆ ಒಂದು ನೋಟ ಸಾಕಾಯಿತು. ಮಹಾದ್ವಾರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅತ್ತೆಯವರು ಅಚ್ಚುಕಟ್ಟಿನ ಹೆಂಗಸು, ಕಟ್ಟಿನ ಮೇಲಿನಿಂದ ಒಂದೊಂದೇ ತೆಗೆದು ಸಾಲಾಗಿ ನಿಲ್ಲಿಸಿದ್ದರು. ಹಾಗಾಗಿ ಕೆಂಪು ಬೊಟ್ಟುಗಳು ಗೋಡೆಯ ಮೇಲೆ ಒಂದರ ಪಕ್ಕ ಒಂದು ಸರಿಯುತ್ತ ಹೋಗಿದ್ದವು. ಪಂಚಾಕ್ಷರಯ್ಯನವರು ಬೊಟ್ಟುಗಳ ಜೊತೆಗೇ ಕೂತಲ್ಲೇ ಸರಿಯುತ್ತ ಗೋಡೆಯನ್ನು ಸುತ್ತಿದರು. ಮಡಿಕೆಯಿಂದ ಹೊರಗುಳಿದ ಅಕ್ಷರಗಳನ್ನು ಓದುತ್ತ, "ಬಾ ಇಲ್ಲಿದೆ. ಕೂಡು ಇಲ್ಲಿದೆ. ಅಯ್ಯೋ ಇಲ್ಲಿದೆ, ಆನೆಲಾಯದ ಹತ್ರ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅರಮನೆಯ ಹಿತ್ತಿಲ ಬಾಗಿಲ ಹತ್ತಿರ ಬಂದಾಗ ಸರಿಯುವುದನ್ನು ನಿಲ್ಲಿಸಿದರು. "ಇದೇ ಕೊನೇದು. ಹೋದೆ. ಒಂದ್ಸಾಲೂ ತಪ್ಪಿಲ್ಲ ನೋಡಮ್ಮಾ."

ಅಷ್ಟರಲ್ಲಿ ಗಿರಿಜಮ್ಮ ಹಣೆ ಚಚ್ಚಿಕೊಂಡರು. "ನೋಡ್ರೀ, ಹಬ್ಬದ ಮನೇಲಿ ಹೋದೆ ಅಂತಾರೆ! ಎಲ್ಲಾ ಪ್ರೋಗ್ರಾಮಿನ ಕೊನೇಲೂ ಹಿಂಗೇ ಬರೀತಾರಂತೆ. ಹೋಗೋರು ಬರ್ತೀನಿ ಅನ್ಬೇಕು ಅಂತ ಎಷ್ಟು ವರ್ಷದಿಂದ ಹೇಳ್ತಾ ಇದೀನಿ."

"ಇಂಗ್ಲಿಷಿನ ಆರೇ ಅಕ್ಷರ ಕಣೇ, ಬರ್ತೀನಿ ಹಿಡಿಸಲ್ಲ ಅಂತ ನಾನೂ ಅಷ್ಟೇ ವರ್ಷದಿಂದ ಹೇಳ್ತಾ ಇದೀನಿ" ಎಂದರು ಅವರು.

ಗಿರಿಜಮ್ಮನವರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮದು ಮುಗಿಯಿತು ಎನ್ನಲು ಹಿಂಜರಿಯುವ ಜನ. ದೀಪ ಆರಿತು ಎನ್ನುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಡಬ್ಬಿಯಲ್ಲಿ ಅಕ್ಕಿ ಖಾಲಿಯಾದರೆ ಅಕ್ಕಿ ಹೆಚ್ಚಿದೆ ಎನ್ನುತ್ತಾರೆ ನಮ್ಮ ಅತ್ತೆ. ಇದು ತಿಳಿಯದೆ ಮದುವೆಯಾದ ಹೊಸತರಲ್ಲಿ ನಾನು ಹೆಚ್ಚಿದೆಯಲ್ಲ ಎಂದು ಸುಮ್ಮನಿದ್ದು ಮನೆಮಂದಿಯೆಲ್ಲ ಅವಲಕ್ಕಿ ತಿಂದದ್ದೂ ಉಂಟು. ಮನೆ ಬಿಟ್ಟು ಹೊರಡುವವರು ಹೋಗುತ್ತೇನೆ ಎಂದರೆ ಹಿರಿಯರು ತಡೆದು ನಿಲ್ಲಿಸಿ ತಿದ್ದುತ್ತಾರೆ. ಕಾಶಿಗೆ ಹೊರಟರೂ ಬರ್ತೀನಿ, ಎದುರು ಮನೆಗೆ ಹೊರಟರೂ ಬರ್ತೀನಿ. ಇಂಥ ಜನರ ನಡುವೆ ಕೂತು ಪ್ರತಿ ಪ್ರೋಗ್ರಾಮಿನ ಕೊನೆಗೂ 'ಹೋದೆ' ಎಂದು ಬರೆಯಬೇಕಾಗಿ ಬಂದವರ ಕಷ್ಟವೂ ಕಷ್ಟವೇ.

ನಾನು ಧೈರ್ಯ ಮಾಡಿ ಅತ್ತೆಯವರಿಗೆ ವಿಷಯ ಹೇಳಿದೆ. ಇವತ್ತೇ ಬಿಡಿಸಿದರೆ ಹುಡುಗಿಯರ ಕೈಯಲ್ಲಿ ಶನಿವಾರದೊಳಗೆ ಹೊಸದಾಗಿ ಕೊರೆಸಬಹುದು ಎಂದೆ. ಅತ್ತೆಯವರ ಮುಖ ಸಣ್ಣದಾಯಿತು. "ಅಯ್ಯೋ ಶಿವನೇ, ನಂಗೆ ಗೊತ್ತಾಗ್ಲಿಲ್ಲವಲ್ಲೇ! ಆದ್ರೆ ಪಟ್ಟಕ್ಕೆ ಕೂತ ರಾಜ ರಾಣೀನ ದಶಮಿಗೆ ಮುಂಚೆ ಎಬ್ಬಿಸೋದು ಹೇಗೆ?" ಎಂದು ನನ್ನನ್ನೂ ಪಂಚಾಕ್ಷರಯ್ಯನವರನ್ನೂ ನೋಡಿದರು. ಎಬ್ಬಿಸು ಎಂದಿದ್ದರೆ ಎಬ್ಬಿಸುತ್ತಿದ್ದರೆಂದೇ ನನ್ನ ಎಣಿಕೆ. ಅವರ ಕೈ ಆಗಲೇ ರಾಣಿಯ ಸೆರಗಿನ ಹತ್ತಿರ ಹೋಗಿತ್ತು.

"ಬೇಡ್ರಮ್ಮಾ, ಮುಟ್ಟಬೇಡಿ" ಎಂದರು ಪಂಚಾಕ್ಷರಯ್ಯ.

"ಹಾಗಾದ್ರೆ ನೆನಪಿನಿಂದ ಬರೆದುಬಿಡಿ ಸಾರ್. ನಿಮಗೆ ಬಾಯಿಪಾಠ ಇದೆಯಲ್ಲ" ಎಂದೆ.

"ಬರೀಬಹುದು ವಿಜಯಮ್ಮಾ. ಬೇಡ ಅನ್ಸತ್ತೆ." ಅವರು ಎದ್ದು ಒಂದು ಹೆಜ್ಜೆ ಹಿಂದೆ ಸರಿದು ಅರಮನೆಯನ್ನು ಇಡಿಯಾಗಿ ನೋಡಿದರು. "ಇಷ್ಟು ವರ್ಷ ಈ ಪ್ರೋಗ್ರಾಮನ್ನ ನೋಡೋಕೆ ಅಂತ ಒಬ್ಬರೂ ಬಂದಿರ್ಲಿಲ್ಲ. ಪೆಟ್ಟಿಗೆ ಒಳಗೇ ಇತ್ತು. ಈಗ ನೋಡು, ರಾಜ ರಾಣಿ ಸಂಸಾರ ಹೂಡಿದಾರೆ. ಬೀದಿಯೋರೆಲ್ಲ ಬಂದು ಆರತಿ ಎತ್ತಿ ಉಸಲಿ ತಿಂದು ಹೋಗ್ತಾರೆ. ನಾನು ಕೊಡೋ ಕೆಲಸ ಇದಕ್ಕಿಂತ ದೊಡ್ಡದಾ?"

ಅವರು ನಗುತ್ತಲೇ ಅಂದರು. ಆದರೆ ಗಿರಿಜಮ್ಮ ನಗಲಿಲ್ಲ. ಅತ್ತೆಯವರು ಒಳಗೆ ಹೋಗಿ, ಹೆಂಗಸರಿಗೆ ಮಾತ್ರ ಕೊಡುವ ತಾಂಬೂಲವನ್ನು ಇಬ್ಬರಿಗೂ ಸೇರಿಸಿ ತಟ್ಟೆಯಲ್ಲಿಟ್ಟು ತಂದರು. ಕಡಲೆಕಾಳಿನ ಉಸಲಿಯನ್ನು ಪಂಚಾಕ್ಷರಯ್ಯನವರಿಗೆ ಎರಡು ಸಲ ಬಡಿಸಿದರು. ಅತ್ತೆಯವರು ಯಾರ ಹತ್ತಿರವಾದರೂ ಕ್ಷಮೆ ಕೇಳುವುದು ಹೀಗೆಯೇ.

ಶನಿವಾರ ಬಸ್ ಸ್ಟಾಪಿಗೆ ಪಂಚಾಕ್ಷರಯ್ಯನವರು ನನಗಿಂತ ಮೊದಲೇ ಬಂದು ನಿಂತಿದ್ದರು. ಬರಲೇಬೇಕೆಂದೇನೂ ಇರಲಿಲ್ಲ. "ನಿನ್ನದು ಓಡೋದನ್ನ ನೋಡ್ಬೇಡ್ವಾ?" ಎಂದರು. ಕೊರಳಲ್ಲಿ ಮಫ್ಲರಿತ್ತು, ಕಂಕುಳು ಬರಿದಾಗಿತ್ತು. ಪೆಟ್ಟಿಗೆಯಿಲ್ಲದೆ ಅವರನ್ನು ನಾನು ಎಂದೂ ನೋಡಿರಲಿಲ್ಲ. ಪಾಪ, ಆ ಕೈ ಏನು ಮಾಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದಕ್ಕೆ ಹೋಗುತ್ತಿತ್ತು. ಬಸ್ಸಿನಲ್ಲಿ ಅವರಿಗೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ. ನನ್ನ ಪೆಟ್ಟಿಗೆಯನ್ನು ಕೈ ಚಾಚಿ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಮುಚ್ಚಳ ತೆಗೆದು, ನೆತ್ತಿಯ ಮೇಲೆ ನಾನೂ ಎಳೆದಿದ್ದ ಕೆಂಪು ಗೆರೆಯನ್ನು ನೋಡಿ, ಮತ್ತೆ ಮುಚ್ಚಿದರು. ಮೆಜೆಸ್ಟಿಕ್ ಬರುವವರೆಗೂ ಎರಡೂ ಕೈ ಅದರ ಮೇಲೇ ಇದ್ದವು. ನನಗೆ ಆ ಹೊತ್ತಿನಲ್ಲಿ ಕೋಬಾಲೂ ಬೇಡ, ಪರೀಕ್ಷೆಯೂ ಬೇಡ, ಈ ಬಸ್ಸು ಹೀಗೇ ಎಲ್ಲಿಗಾದರೂ ಹೋಗುತ್ತಿರಲಿ ಅನ್ನಿಸಿತು.

ಬಸ್ಸು ಹಾಗೆ ಮಾಡಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಆಪರೇಟರ್ ನನ್ನ ಕಾರ್ಡುಗಳನ್ನು ಯಂತ್ರಕ್ಕೆ ತಿನ್ನಿಸಿದ. ಯಂತ್ರ ಹೊಸ ಭಾಷೆಯನ್ನು ಮೊದಲು ಓದಿ ನೋಡಿ, ಇಡೀ ಪ್ರೋಗ್ರಾಮನ್ನು ಕಾಗದದ ಮೇಲೆ ಅಚ್ಚು ಹಾಕಿ, ತಪ್ಪಿದ್ದರೆ ಅದರ ಕೆಳಗೆ ಹೇಳುತ್ತದೆ. ಹೇಳಿತು. ಅಯ್ಯಯ್ಯೋ, ಎಷ್ಟು ಹೇಳಿತೆಂದರೆ ಕಾಗದ ಮಡಿಕೆ ಮಡಿಕೆಯಾಗಿ ನೆಲಕ್ಕೆ ಬಿತ್ತು. ಎಲ್ಲೋ ಒಂದು ಕಡೆ ನಾನು ವಾಕ್ಯದ ಕೊನೆಗೆ ಚುಕ್ಕಿ ಇಡುವುದನ್ನು ಮರೆತಿದ್ದೆ. ಆ ಒಂದು ಚುಕ್ಕಿಗೆ ಒಂದು ಪುರಾಣ. "ಮಾತು ಜಾಸ್ತಿ ಇದಕ್ಕೆ" ಎಂದು ಪಂಚಾಕ್ಷರಯ್ಯನವರು ಸಮಾಧಾನ ಹೇಳಿದರು. ನಾನು ಬೆವರುತ್ತ ಕಾರ್ಡು ತಿದ್ದಲು ಪಕ್ಕದ ಕೋಣೆಗೆ ಓಡಿದೆ. ಅವರು ಹೊತ್ತು ಹೋಗಲೆಂದು ಆ ಕಾಗದವನ್ನು ಎತ್ತಿಕೊಂಡು ಓದತೊಡಗಿದರು. ರಜಾ ಅರ್ಜಿ ಎಂದು ಮಡಚಿಟ್ಟಿದ್ದನ್ನು ಪೂರ್ತಿ ಓದಿದ್ದು ಅದೇ ಮೊದಲು.

ನಾನು ಬಂದಾಗ ಅವರ ಕನ್ನಡಕ ಹಣೆಯ ಮೇಲಿತ್ತು. "ವಿಜಯಮ್ಮಾ, ಇವು ನನ್ನ ಹೆಸರುಗಳಲ್ವಾ?"

ಹೌದು, ಅವರದೇ. ನಾನು ಪ್ರೋಗ್ರಾಮು ಬರೆಯುವುದನ್ನು ಕಲಿತದ್ದೇ ಅವರ ಪಕ್ಕದಲ್ಲಿ ಕೂತು. ಭಾಗಗಳಿಗೆ ಕನ್ನಡದಲ್ಲಿ ಹೆಸರಿಡುವುದೇ ಕ್ರಮ ಎಂದುಕೊಂಡಿದ್ದವಳು. ಹೊಸ ಭಾಷೆಯಲ್ಲಿ ಜಾಗ ಧಾರಾಳವಾಗಿದ್ದುದರಿಂದ ನನ್ನ ಕೈಯೂ ಸಡಿಲವಾಗಿತ್ತು. ಅವರ 'ಬಾ' ನನ್ನಲ್ಲಿ 'ಬಾ-ಕೂತ್ಕೋ' ಆಗಿತ್ತು. 'ಕೂಡು' ಎನ್ನುವುದು 'ನಿಧಾನವಾಗಿ-ಕೂಡು' ಆಗಿತ್ತು. 'ಅಯ್ಯೋ' ಇದ್ದದ್ದು 'ಅಯ್ಯೋ-ಏನಾಯ್ತೋ'. ಅವರು ಅವುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು.

"ಇಷ್ಟುದ್ದ ಹೆಸರು ಹಿಡಿಸುತ್ತಾ ಇದರಲ್ಲಿ?"

"ಮೂವತ್ತು ಅಕ್ಷರದವರೆಗೂ ಹಿಡಿಸತ್ತೆ ಸಾರ್. ಮಧ್ಯೆ ಅಡ್ಡಗೆರೆ ಹಾಕಿದ್ರೆ ಆಯ್ತು."

ಅವರು ಕನ್ನಡಕವನ್ನು ಮತ್ತೆ ಮೂಗಿನ ಮೇಲಿಳಿಸಿ ಆ ಹೆಸರುಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ, ಮಕ್ಕಳು ಅಂಗಡಿಯಲ್ಲಿ ಬೆಲೆ ಕೇಳುವ ಹಾಗೆ, ಇಲ್ಲವೆನ್ನುತ್ತಾರೇನೋ ಎಂಬ ಅಳುಕಿನಲ್ಲಿ ಕೇಳಿದರು. "ಹಂಗಾದ್ರೆ ಬರ್ತೀನಿ ಹಿಡಿಸುತ್ತಾ?"

"ಹೋಗಿ ಬರ್ತೀನಿ ಅಂತಲೇ ಹಿಡಿಸತ್ತೆ ಸಾರ್."

ಪಂಚಾಕ್ಷರಯ್ಯನವರು ಎದ್ದರು. ಪಕ್ಕದ ಕೋಣೆಗೆ ಹೋಗಿ ತೂತು ಕೊರೆಯುವ ಯಂತ್ರದ ಮುಂದೆ ಕೂತರು. ನಾನು ಅವರದನ್ನೇ ನಕಲು ಮಾಡಿ ಕೊನೆಗೆ 'ಹೋದೆ' ಎಂದು ಇಟ್ಟಿದ್ದ ಕಾರ್ಡುಗಳನ್ನು ತೆಗೆದು ಪಕ್ಕಕ್ಕಿಟ್ಟರು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಹೊಸ ಕಾರ್ಡು ಕೊರೆದರು. ನನ್ನ ಹಾಗೇ ಅವರದೂ ಕೈ ನಿಧಾನ ಎಂದು ನನಗೆ ಗೊತ್ತಾದದ್ದು ಆಗ. ಅಷ್ಟಕ್ಕೇ ಬಿಡಲಿಲ್ಲ. "ಇದನ್ನ ಯಂತ್ರದ ಕೈಲಿ ಅನ್ನಿಸೋಕೂ ಆಗುತ್ತಾ?" ಎಂದು ಕೇಳಿದರು. ಕೋಬಾಲಿನಲ್ಲಿ ಅದಕ್ಕೊಂದು ಮಾತಿದೆ, ತೋರಿಸಿಕೊಟ್ಟೆ. ಇನ್ನೊಂದು ಕಾರ್ಡು ಕೊರೆದರು. ಕೊನೆಗೆ ಚುಕ್ಕಿ ಇಡಲು ಮರೆಯಲಿಲ್ಲ.

ಎರಡನೆಯ ಸಲ ಯಂತ್ರ ತಕರಾರು ಮಾಡಲಿಲ್ಲ. ಉಗ್ರಾಣದ ದಾಸ್ತಾನು ಪುಟಪುಟವಾಗಿ ಅಚ್ಚಾಗಿ ಬಂತು. ಎಲ್ಲ ಮುಗಿದ ಮೇಲೆ ಆಪರೇಟರನ ಪಕ್ಕದಲ್ಲಿದ್ದ ಟೈಪ್‌ರೈಟರು, ಯಾರೂ ಮುಟ್ಟದೆ ತಾನಾಗಿ ಟಕಟಕನೆ ಸದ್ದು ಮಾಡಿ, ಇಂಗ್ಲಿಷ್ ಅಕ್ಷರಗಳಲ್ಲಿ 'ಹೋಗಿ ಬರ್ತೀನಿ' ಎಂದು ಹೊಡೆದು ನಿಂತಿತು. ಪಂಚಾಕ್ಷರಯ್ಯನವರು ಮಫ್ಲರಿನ ತುದಿಯಿಂದ ಕನ್ನಡಕ ಒರೆಸಿಕೊಂಡರು. "ಗಿರಿಜಾಗೆ ಹೇಳ್ಬೇಕು" ಎಂದರು.

ಸೋಮವಾರ ನಾನು ನೀರು ಕುಡಿಯದೆ ಮ್ಯಾನೇಜರ ಕೋಣೆಗೆ ಹೋದೆ. ಹೊಸ ಭಾಷೆಯೇ ಆಗಲಿ ಎಂದು ಬರೆದಿದ್ದೆ. ಹಳೆಯ ಪ್ರೋಗ್ರಾಮುಗಳನ್ನೆಲ್ಲ ಅದರಲ್ಲಿ ಬರೆಯುವ ಕೆಲಸ ಪಂಚಾಕ್ಷರಯ್ಯನವರದೇ ಆಗಬೇಕು, ನಾನು ಅವರ ಕೈಕೆಳಗಿರಬೇಕು ಎಂದೂ ಬರೆದಿದ್ದೆ. ಮ್ಯಾನೇಜರು ಓದಿ, "ಈ ವಯಸ್ಸಲ್ಲಿ ಕಲೀತಾರೇನ್ರೀ?" ಎಂದರು.

"ಶುರು ಮಾಡಿ ಆಯ್ತು ಸಾರ್. ಕೊನೆಯಿಂದ ಕಲೀತಾ ಇದಾರೆ" ಎಂದೆ.

ಅವರಿಗೆ ಏನು ಅರ್ಥವಾಯಿತೋ ತಿಳಿಯದು. ಕೆಂಗೇರಿಯ ಮಾತು ಮತ್ತೆ ಬರಲಿಲ್ಲ. ಪಂಚಾಕ್ಷರಯ್ಯನವರು ಕೋಬಾಲನ್ನು ಬೈಯುವುದನ್ನು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಅದರ ಉದ್ದನೆಯ ಪೀಠಿಕೆ ಬರೆಯುವಾಗಲೆಲ್ಲ "ನಮ್ಮ ಶಾನುಭೋಗರೇ ವಾಸಿ" ಎಂದು ಗೊಣಗುತ್ತಿದ್ದರು. ಅತ್ತೆಯವರು ದಶಮಿ ಕಳೆದ ಮೇಲೂ ಅರಮನೆಯನ್ನು ಬಿಚ್ಚಲಿಲ್ಲ. ರಾಜ ರಾಣಿಯರನ್ನು ಮಲಗಿಸಿ ಪೆಟ್ಟಿಗೆ ಸೇರಿಸಿದರು. ಅರಮನೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ಪ್ರತಿವರ್ಷ ಹೊಸ ಮನೆ ಕೇಳುತ್ತಿದ್ದ ರಾಜ ರಾಣಿ ಆಮೇಲೆ ಯಾಕೋ ಕೇಳುವುದನ್ನೇ ನಿಲ್ಲಿಸಿದರು. ಪ್ರತಿ ನವರಾತ್ರಿಗೂ ಅದೇ ಅರಮನೆ ಇಳಿಯುತ್ತದೆ, ಗಿರಿಜಮ್ಮ ದಂಪತಿಗಳು ಬರುತ್ತಾರೆ, ಪಂಚಾಕ್ಷರಯ್ಯನವರು ಮಹಾದ್ವಾರದಿಂದ ಹಿತ್ತಿಲಿನವರೆಗೆ ಒಂದು ಸುತ್ತು ಬರುತ್ತಾರೆ. ಹಿತ್ತಿಲ ಬಾಗಿಲಿಗೆ ಮಾತ್ರ ಅತ್ತೆಯವರು ಒಂದು ಮಾವಿನೆಲೆ ಅಡ್ಡ ಕಟ್ಟಿರುತ್ತಾರೆ, ಆ ಕೊನೆಯ ಮಾತು ಕಾಣದಿರಲೆಂದು.

ಹೋದ ತಿಂಗಳು ಪಂಚಾಕ್ಷರಯ್ಯನವರು ನಿವೃತ್ತರಾದರು. ಹಾರ, ಫೋಟೋ, ಒಂದು ಗಡಿಯಾರ. ಭಾಷಣ ಮಾಡಿ ಎಂದರೆ ಮಾಡಲಿಲ್ಲ. ಎಲ್ಲರಿಗೂ ಕೈಮುಗಿದು, ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಮಫ್ಲರು ಮಡಚಿಟ್ಟುಕೊಂಡು ಹೊರಟರು. ಅವರ ಕುರ್ಚಿಗೆ ನಾನು ಬಂದಿದ್ದೇನೆ. ಮೇಜಿನ ಮೇಲೆ ಆಗಲೇ ಒಂದು ಬಣ್ಣದ ಪುಸ್ತಿಕೆ ಬಂದು ಕೂತಿದೆ. ಇನ್ನು ಮುಂದೆ ಕಾರ್ಡೇ ಬೇಡವಂತೆ, ಗಾಜಿನ ಪರದೆಯ ಮೇಲೆ ನೇರವಾಗಿ ಬರೆಯಬಹುದಂತೆ, ಅದಕ್ಕೆ ಇನ್ನೂ ಹೊಸ ಭಾಷೆಗಳಂತೆ. "ಯೋಚನೆ ಮಾಡಿ ಬರೆದುಕೊಡಿ" ಎಂದಿದ್ದಾರೆ ಮ್ಯಾನೇಜರು. ಬಾಯಾರಿಕೆ ಶುರುವಾಗಿದೆ. ಕಾರ್ಡಿಲ್ಲದಿದ್ದರೆ ಅತ್ತೆಯವರ ಗತಿಯೇನು ಎಂಬುದು ನನ್ನ ಮೊದಲ ಯೋಚನೆ. ಎರಡನೆಯದನ್ನು ಮಾರಾಟಗಾರ ಬಂದಾಗ ಕೇಳಬೇಕೆಂದಿದ್ದೇನೆ. ನಿಮ್ಮ ಭಾಷೆಯಲ್ಲಿ ನಮ್ಮವರು ಆಡುವ ಮಾತಿಗೆ ಜಾಗವಿದೆಯೇನಪ್ಪಾ ಎಂದು.

ಮೊನ್ನೆ ತಿಂಗಳ ಕೊನೆಯ ಶನಿವಾರ. ಒಬ್ಬಳೇ ಬಸ್ಸಿನಲ್ಲಿ ಹೋಗಿ ದಾಸ್ತಾನು ಓಡಿಸಿದೆ. ಪುಟಗಳೆಲ್ಲ ಬಂದವು. ನಾನು ಕಾಗದ ಹರಿದು ಮಡಚುತ್ತಿದ್ದೆ. ಬೆನ್ನ ಹಿಂದೆ ಟೈಪ್‌ರೈಟರು ಟಕಟಕನೆ ಹೊಡೆದು ನಿಂತಿತು. ಏನು ಹೊಡೆಯಿತೆಂದು ತಿರುಗಿ ನೋಡಬೇಕಾಗಿರಲಿಲ್ಲ.

"ಹೂಂ ಸಾರ್, ಹೋಗ್ಬನ್ನಿ" ಎಂದೆ. ಆಪರೇಟರ್ ನನ್ನನ್ನು ವಿಚಿತ್ರವಾಗಿ ನೋಡಿದ.